ಮೂರನೆಯ ಹೆಸರು

"ಕೇರೋದು ಆಮ್ಯಾಲೆ ಕೇರುವಂತೆ, ಮೊದ್ಲು ನಮ್ಮದೊಂದು ಮಾತು ಕೇಳವ್ವ," ಎಂದು ಪಂಚಾಯ್ತಿ ಛೇರ್ಮನ್ ಓಂಕಾರಪ್ಪ ಮೂರನೆಯ ಸಲ ಹೇಳಿದಾಗಲೂ ಗಾದ್ರಮ್ಮ ಮೊರ ಕೆಳಗಿಡಲಿಲ್ಲ. ಜೋಳದ ಹೊಟ್ಟೆಲ್ಲ ಅವನ ಬಿಳಿ ಜುಬ್ಬದ ಮೇಲೆ ಹೋಗಿ ಕೂರುವ ಹಾಗೆ ತಿರುಗಿ ಕೂತು ಕೇರಿದಳು. ಕೂರಲಿ, ಇವರಪ್ಪನ ಗಂಟೇನು ಹೋಗುತ್ತದೆ! ಏಳು ವರ್ಷದಿಂದ ಈ ಅಂಗಳ ತುಳಿಯದವನು, ಇವಳು ಎದುರಾದರೆ ಸಾಕು ಅಪಶಕುನವೆಂದು ಓಣಿ ಬದಲಿಸುತ್ತಿದ್ದವನು, ಇವತ್ತು ಬೆಳಗಾಗುತ್ತಲೇ ಪೂಜಾರಿ ಮುರುಗೇಶಪ್ಪನನ್ನೂ ಕಟ್ಟಿಕೊಂಡು ಬಂದು ಬಾಯಿತುಂಬ ಅವ್ವ ಅನ್ನುತ್ತಿದ್ದಾನೆ. ಅಂದರೆ ಏನೋ ಗರಜು ಇದ್ದೇ ಇದೆ ಎಂದು ಗಾದ್ರಮ್ಮನಿಗೆ ಗೊತ್ತಾಗಿತ್ತು.

ಏಳು ವರ್ಷದ ಹಿಂದಿನ ಆ ಡಿಸೆಂಬರಿನಲ್ಲಿ ಯುದ್ಧ ಮುಗಿದು ಹತ್ತು ದಿನಕ್ಕೆ ಸೈನ್ಯದಿಂದ ಊರಿಗೆ ಮೂರು ಕಾಗದ ಬಂದಿದ್ದವು. ದೊಡ್ಡಣ್ಣನೆಂಬುವನು ಸತ್ತಿದ್ದ; ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಉಚ್ಚಂಗೆಮ್ಮನ ಗಂಡ ರಂಗಣ್ಣ ಸತ್ತಿದ್ದ. ಅವನ ಜತೆಯವರಿಬ್ಬರು ಜಗಳೂರಿನ ಬಸ್ಸಿಳಿದು ನಡೆದು ಬಂದು, ತಾವೇ ಚಿತೆಗೆ ಬೆಂಕಿ ಇಟ್ಟೆವೆಂದು ಹೇಳಿ, ಒಂದು ತಗಡಿನ ಡಬ್ಬಿಯಲ್ಲಿ ಬೂದಿ ಕೊಟ್ಟು ಹೋದರು. ಮೂರನೆಯದು ಗಾದ್ರಮ್ಮನ ಗಂಡ ಜಂಪಣ್ಣನ ಕಾಗದ. "ಕಾಣೆಯಾಗಿದ್ದಾರೆ, ಮಡಿದಿರಬೇಕೆಂದು ನಂಬಲಾಗಿದೆ," ಎಂದು ಪೋಸ್ಟ್‌ಮನ್ ಓದಿದ. ಗಾದ್ರಮ್ಮ ಮೊದಲನೆಯ ಮಾತನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಪೋಸ್ಟ್‌ಮನ್ನನ ಚೀಲಕ್ಕೇ ಬಿಟ್ಟಳು.

ಹಳ್ಳದ ದಂಡೆಯಲ್ಲಿ ಉಚ್ಚಂಗೆಮ್ಮನ ಕುಂಕುಮ ಅಳಿಸಿದ ಹೆಂಗಸರು ಅದೇ ಒದ್ದೆ ಕೈಯಲ್ಲಿ ಇವಳ ಮನೆಗೂ ಬಂದರು. ಗಾದ್ರಮ್ಮ ಕುಡುಗೋಲು ಹಿಡಿದು ಹೊಸ್ತಿಲಲ್ಲಿ ನಿಂತಳು. "ಹೆಣ ತೋರ್ಸ್ರಿ. ಹೆಣ ಇಲ್ಲ ಅಂದ್ರೆ ಬೂದಿ ತೋರ್ಸ್ರಿ. ಎರಡೂ ಇಲ್ದೆ ನನ್ನ ಹಣೆ ಮುಟ್ಟಿದ್ರೆ ಮುಟ್ಟಿದ ಕೈ ಉಳಿಯಾದಿಲ್ಲ ನೋಡ್ರಿ!" ಅವತ್ತು ಹಿಂದಕ್ಕೆ ಹೋದ ಹೆಂಗಸರು ಮತ್ತೆ ಇವಳನ್ನು ಯಾವುದಕ್ಕೂ ಕರೆಯಲಿಲ್ಲ. ಮದುವೆಗೆ ಮುತ್ತೈದೆಯೆಂದು ಕರೆಯುವಂತಿಲ್ಲ, ಸಾವಿಗೆ ಮುಂಡೆಯೆಂದು ಕೂರಿಸುವಂತಿಲ್ಲ. ಉಚ್ಚಂಗೆಮ್ಮನಿಗಂತೂ ಇವಳ ಹಣೆ ಕಂಡರೆ ಮೈಯೆಲ್ಲ ಉರಿ. ಒಂದು ದಿನ ಬಾವಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ, "ಪಿಂಚಣಿ ತಗಳ್ಳಾಕೆ ಗಂಡ ಸತ್ತಾನೆ, ಕುಂಕುಮ ಇಡಾಕೆ ಬದುಕ್ಯಾನೆ. ಎಂಥ ಗಂಡನ್ನ ಕಟ್ಕಂಡ್ಯೇ ತಾಯಿ!" ಎಂದು ನೀರು ಸೇದುತ್ತಲೇ ಅಂದಿದ್ದಳು. "ಅದು ಅವನ ಸಂಬಳ ಕಣೆ, ಬಂದು ಲೆಕ್ಕ ಕೇಳ್ತಾನೆ," ಎಂದು ಗಾದ್ರಮ್ಮ ತಿರುಗೇಟು ಕೊಟ್ಟಿದ್ದಳು. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ.

"ಊರಬಾಗಿಲಲ್ಲಿ ಹುತಾತ್ಮರ ಕಲ್ಲು ನಿಲ್ಸೇವಿ, ಕಂಡಿರಬೇಕಲ್ಲ," ಓಂಕಾರಪ್ಪ ಜುಬ್ಬ ಕೊಡವಿಕೊಂಡ. "ನಾಡಿದ್ದು ಆಗಸ್ಟ್ ಹದಿನೈದಕ್ಕೆ ಚಿತ್ರದುರ್ಗದಿಂದ ಮಿಲ್ಟ್ರಿ ಸಾಹೇಬ್ರು ಬರ್ತಾರೆ. ಮೊದ್ಲ ದೀಪ ಹುತಾತ್ಮರ ಹೆಂಡ್ತೀನೇ ಹಚ್ಚಬೇಕು ಅಂತ ಕಾಗದ ಹಾಕ್ಯಾರೆ."

"ಹಚ್ಚಲಿ. ಉಚ್ಚಂಗೆಮ್ಮ ಇಲ್ವಾ?"

ಮುರುಗೇಶಪ್ಪ ಗಂಟಲು ಸರಿಮಾಡಿಕೊಂಡ. "ಊರಬಾಗಿಲ ಕಲ್ಲು ಕಣವ್ವ ಅದು. ಮೊದ್ಲ ದೀಪಕ್ಕೆ ಮುತ್ತೈದೆ ಕೈನೇ ಆಗ್ಬೇಕು. ಗಂಡ ಸತ್ತೋಳು ಮುಟ್ಟಿದ್ರೆ ಊರಿಗೆ ಒಳ್ಳೇದಾಗಾದಿಲ್ಲ."

ಈ ಜಗಳ ಎಂಟು ದಿನದಿಂದ ನಡೆದಿತ್ತಂತೆ. ಸಾಹೇಬರು ಹುತಾತ್ಮನ ಹೆಂಡತಿಯೇ ಬೇಕೆನ್ನುತ್ತಾರೆ, ಪೂಜಾರಿ ಮುತ್ತೈದೆಯೇ ಆಗಬೇಕೆನ್ನುತ್ತಾನೆ. ಗಂಡ ಸತ್ತ ಮುತ್ತೈದೆಯನ್ನು ಎಲ್ಲಿಂದ ತರುವುದು? ಊರ ಹಿರಿಯರೆಲ್ಲ ತಲೆ ಕೆರೆದುಕೊಂಡು ಕೂತಿದ್ದಾಗ, ಇಷ್ಟು ದಿನ ಯಾರಿಗೂ ಬೇಡವಾಗಿದ್ದ ಗಾದ್ರಮ್ಮ ಯಾರಿಗೋ ಫಕ್ಕನೆ ನೆನಪಾಗಿದ್ದಳು.

ಗಾದ್ರಮ್ಮ ಮೊರ ಕೆಳಗಿಟ್ಟಳು. "ಅಂದ್ರೆ, ನನ್ನ ಗಂಡನ ಹೆಸ್ರೂ ಆ ಕಲ್ಲಿನ ಮ್ಯಾಲೆ ಕೆತ್ತೀರಿ?"

"ಮೂರನೇದು," ಎಂದ ಓಂಕಾರಪ್ಪ.

"ಯಾರನ್ನ ಕೇಳಿ ಕೆತ್ತಿದ್ರಿ? ನೀವು ಹೋಗಿ ಹೆಣ ನೋಡಿ ಬಂದ್ರಾ ಛೇರ್ಮನ್ರೆ?" ಅವಳ ದನಿ ಓಣಿಯ ಕೊನೆಯವರೆಗೂ ಕೇಳಿಸಿತು. "ಅವ್ನು ಸತ್ತಿದ್ರೆ ನಾನೂ ಮುಂಡೆ. ಉಚ್ಚಂಗೆಮ್ಮನ ಕೈ ಬರಾದಿಲ್ಲ ಅಂದ್ರೆ ನನ್ನ ಕೈ ಹೆಂಗೆ ಬರ್ತೈತೆ? ಅವ್ನು ಬದುಕಿದ್ರೆ ಅವ್ನ ಹೆಸ್ರಿಗೆ ಆ ಕಲ್ಲಿನ ಮ್ಯಾಲೆ ಏನು ಕೆಲ್ಸ? ಎರಡರಾಗೆ ಒಂದು ಹೇಳ್ರಿ ಪೂಜಾರಪ್ಪ, ಸತ್ತಾನೋ ಬದುಕ್ಯಾನೋ?"

ಮುರುಗೇಶಪ್ಪ ಛೇರ್ಮನ್ನನ ಮುಖ ನೋಡಿದ. ಛೇರ್ಮನ್ ಆಕಾಶ ನೋಡಿದ. ಅಕ್ಕಪಕ್ಕದ ಮನೆಯವರು ಆಗಲೇ ಹೊರಗೆ ಬಂದು ನಿಂತಿದ್ದರು. ಅವರೆಲ್ಲರ ಮುಂದೆ ಈ ಇಬ್ಬರು ಗಂಡಸರು ಸಿಕ್ಕಿಹಾಕಿಕೊಂಡದ್ದು ಕಂಡು ಗಾದ್ರಮ್ಮನಿಗೆ ಏಳು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತಣ್ಣಗಾಯಿತು.

"ಬದುಕ್ಯಾನೆ ಅಂತ್ಲೇ ಇಟ್ಕಳಾನ," ಎಂದ ಓಂಕಾರಪ್ಪ ಕೊನೆಗೆ.

"ಹಂಗಾದ್ರೆ ಹೆಸ್ರು ತೆಗಿಸ್ರಿ. ತೆಗ್ಸಿದ ಮ್ಯಾಲೆ ಬಂದು ದೀಪ ಹಚ್ತೀನಿ."

"ಸಾಹೇಬ್ರು ನೋಡಿದ್ರೆ?" ಎಂದು ಮುರುಗೇಶಪ್ಪ ಪಿಸುಗುಟ್ಟಿದ.

"ಹೆಸ್ರು ಅವ್ರ ಕಾಗದದಾಗೆ ಐತೆ, ಓದ್ಕಂತಾರೆ. ಕಲ್ಲಿಗೆ ಒಂದು ದಪ್ಪನೆ ಹೂವಿನ ಹಾರ ಇಳಿಬಿಟ್ರೆ ಆತು," ಎಂದ ಛೇರ್ಮನ್. ಬುದ್ಧಿವಂತನೇ! ಆ ಬುದ್ಧಿಗೇ ಅಲ್ಲವೇ ಅವನು ಮೂರು ಸಲ ಗೆದ್ದದ್ದು.

ಮಾರನೆಯ ದಿನ ಮಧ್ಯಾಹ್ನ ಕಲ್ಲುಕುಟಿಗ ಸಣ್ಣಪ್ಪ ಉಳಿ, ಸುತ್ತಿಗೆ ತಂದು ಊರಬಾಗಿಲಲ್ಲಿ ಕೂತ. ಇವರ ಮಾತು ನಂಬಿ ಮನೆಯಲ್ಲಿ ಕೂರುವ ಪೈಕಿಯಲ್ಲ ಗಾದ್ರಮ್ಮ. ಎದುರಿಗೇ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಎದೆಮಟ್ಟದ ಕರಿಕಲ್ಲು, ಅದರಲ್ಲಿ ಮೂರು ಸಾಲು. ಅವಳಿಗೆ ಓದು ಬಾರದು.

"ಯಾವ್ದು ಅವನ್ದು?"

ಸಣ್ಣಪ್ಪ ಕೆಳಗಿನ ಸಾಲನ್ನು ಉಳಿಯ ತುದಿಯಿಂದ ತೋರಿಸಿದ. "ಇದು ಜ. ಇದು ಇಂಗೆ ಸೊನ್ನೆ. ಇದು ಪ. ಇದು ಕೊನೇಗೆ ಣ್ಣ." ಮದುವೆಯಾಗಿ ಹದಿನೈದು ವರ್ಷವಾಗಿತ್ತು. ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ, ಅಕ್ಷರದಲ್ಲಿ ನೋಡಿದ್ದು ಇದೇ ಮೊದಲು. ಇಷ್ಟು ಪುಟ್ಟದೇ ಎಂದುಕೊಂಡಳು.

"ಇನ್ನೊಂದು ಸಲ ಯೋಚ್ನೆ ಮಾಡವ್ವ," ಎಂದ ಸಣ್ಣಪ್ಪ. "ಇದು ಬಟ್ಟೆ ಅಲ್ಲ, ಹರಿದ ಮ್ಯಾಲೆ ತೇಪೆ ಹಾಕಾಕೆ. ಒಡೆದ್ರೆ ಒಡೀತು."

"ನಿನಗ್ಯಾಕೆ ಅದು? ಹೊಡಿ."

ಅವನು ಹೊಡೆದ. ಪ್ರತಿ ಏಟಿಗೂ ಚೂರು ಹಾರಿತು. ಗಾದ್ರಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಕೊನೆಗೆ ಆ ಜಾಗದಲ್ಲಿ ಅಂಗೈಯಗಲದ ಒಂದು ಒರಟು ಗುಂಡಿ ಉಳಿಯಿತು. ಗೆದ್ದೆ, ಇಡೀ ಊರನ್ನು ಬಗ್ಗಿಸಿದೆ ಎಂದುಕೊಳ್ಳುತ್ತ ಮನೆಗೆ ಹೋಗಿ ಆ ದಿನ ಎರಡು ರೊಟ್ಟಿ ಜಾಸ್ತಿ ಉಂಡಳು.

ಆಗಸ್ಟ್ ಹದಿನೈದಕ್ಕೆ ಊರಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಲ್ಲಿನ ಕುತ್ತಿಗೆಗೆ ಚೆಂಡುಹೂವಿನ ಹಾರ ಹಾಕಿದ್ದರು. ಅದು ಕೆಳಗಿನ ಸಾಲನ್ನು ಪೂರ್ತಿ ಮುಚ್ಚಿತ್ತು. ಗಾದ್ರಮ್ಮ ಕೆಂಪಂಚಿನ ಸೀರೆಯುಟ್ಟು, ಕಾಸಿನಗಲ ಕುಂಕುಮವಿಟ್ಟು ಬಂದಳು. ಏಳು ವರ್ಷ ಮುಖ ತಿರುಗಿಸಿದ್ದ ಹೆಂಗಸರು ಎರಡು ಕಡೆ ಸರಿದು ದಾರಿ ಬಿಟ್ಟರು. ಉಚ್ಚಂಗೆಮ್ಮನನ್ನು ಹಗ್ಗದ ಆಚೆ, ಗಂಡಸರ ಚಪ್ಪಲಿಗಳ ರಾಶಿಯ ಪಕ್ಕ ನಿಲ್ಲಿಸಿದ್ದರು.

"ನನ್ನ ಗಂಡಂಗೆ ನೀನು ದೀಪ ಹಚ್ತೀಯೇನೇ?" ಉಚ್ಚಂಗೆಮ್ಮ ಹಲ್ಲು ಕಚ್ಚಿ ಕೇಳಿದಳು.

"ನನ್ನೇನು ಕೇಳ್ತೀ, ಹಗ್ಗ ಕಟ್ಟಿದೋರನ್ನ ಕೇಳು," ಎಂದು ಗಾದ್ರಮ್ಮ ಮುಂದೆ ನಡೆದಳು.

ಸಾಹೇಬರು ಕಾಗದ ನೋಡಿ ಮೂರು ಹೆಸರು ಓದಿದರು. ಮೂರನೆಯ ಹೆಸರಿಗೂ ಸೆಟೆದು ನಿಂತು ಸೆಲ್ಯೂಟ್ ಹೊಡೆದರು. ಗಾದ್ರಮ್ಮ ದೀಪ ಹಚ್ಚಿದಳು. ಸಾಹೇಬರು ಕೈಮುಗಿದು, "ನಿಮ್ಮಂಥವರಿಂದ ದೇಶ ಉಳಿದಿದೆಯಮ್ಮ," ಅಂದರು. ಓಂಕಾರಪ್ಪ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಮಂಡಕ್ಕಿ, ಬೂಂದಿ ಹಂಚಿದರು, ಜೀಪು ಹೊರಟಿತು, ಜನ ಕರಗಿದರು.

ಹೊತ್ತು ಇಳಿಯುವಾಗ ಗಾದ್ರಮ್ಮ ಯಾಕೋ ಮನೆಯಲ್ಲಿ ಕೂರಲಾರದೆ ಮತ್ತೆ ಊರಬಾಗಿಲಿಗೆ ಬಂದಳು. ಯಾರದೋ ಮೇಕೆ ಚೆಂಡುಹೂವಿನ ಹಾರವನ್ನು ಎಳೆದು ಅರ್ಧ ತಿಂದಿತ್ತು. ಗುಂಡಿ ಬಯಲಾಗಿತ್ತು. ಕಲ್ಲಿನ ಮುಂದೆ ಉಚ್ಚಂಗೆಮ್ಮ ಕೂತಿದ್ದಳು. ಈಗ ಹಗ್ಗವೂ ಇರಲಿಲ್ಲ, ಪೂಜಾರಿಯೂ ಇರಲಿಲ್ಲ. ಅವಳು ತನ್ನ ಗಂಡನ ಸಾಲಿಗೆ ಹಣೆ ಒತ್ತಿ, ಎರಡೂ ಅಂಗೈಯಿಂದ ಅದನ್ನು ಸವರುತ್ತ, ಹೆಸರು ಹಿಡಿದು ಕರೆದು ಬಾಯಿಬಿಟ್ಟು ಅಳುತ್ತಿದ್ದಳು. "ನೋಡೋ ರಂಗಣ್ಣ, ನನ್ನ ಹಗ್ಗದಾಚೆ ನಿಲ್ಸಿದ್ರಲ್ಲೋ! ಬೈಯಿ ಅವ್ರನ್ನ, ಎದ್ದು ಬೈಯಿ!"

ಗಾದ್ರಮ್ಮನಿಗೆ ಹೊಟ್ಟೆಕಿಚ್ಚಾಯಿತು. ಹಾಗೆ ಅಳಲಿಕ್ಕೆ ಒಂದು ಜಾಗ ಬೇಕಲ್ಲ ಅನ್ನಿಸಿತು. ಏಳು ವರ್ಷ ಅವಳು ಒಂದು ಸಲವೂ ಅತ್ತಿರಲಿಲ್ಲ. ಅತ್ತರೆ ಅವನು ಸತ್ತನೆಂದು ಒಪ್ಪಿದ ಹಾಗೆ.

ಉಚ್ಚಂಗೆಮ್ಮ ತಿರುಗಿ ನೋಡಿದಳು. ಮುಖ ಒರೆಸಿಕೊಳ್ಳಲೂ ಇಲ್ಲ.

"ಯಾಕೆ ಬಂದಿ? ಏನೈತೆ ನಿಂದು ಇಲ್ಲಿ? ನನ್ನೋನು ಇಲ್ಲಿ ಅದಾನೆ, ಮುಟ್ಟಿ ನೋಡ್ತೀನಿ, ಬೈತೀನಿ. ನಿನ್ನೋನು ಎಲ್ಲಿ ಅದಾನೆ? ಹೇಳೇ. ಎಲ್ಲಿ?"

ಗಾದ್ರಮ್ಮನಿಗೆ ಸ್ವಲ್ಪ ಸರಿದು ಕೂರೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕೇಳಿದ್ದರೂ ಅವಳು ಸರಿಯುತ್ತಿರಲಿಲ್ಲ.

ಸುತ್ತಿ ಬಂದು ಕಲ್ಲಿನ ಹಿಂಬದಿಯಲ್ಲಿ ಕೂತಳು. ಆ ಕಡೆ ಏನೂ ಕೆತ್ತಿರಲಿಲ್ಲ. ಇಡೀ ದಿನದ ಬಿಸಿಲಿಗೆ ಕಲ್ಲು ಇನ್ನೂ ಬೆಚ್ಚಗಿತ್ತು. ಅದಕ್ಕೆ ಬೆನ್ನು ಕೊಟ್ಟು, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮುಂದಿನವಳಿಗೆ ಸದ್ದು ಕೇಳಿಸದಂತೆ, ಅಲುಗುತ್ತಿದ್ದ ಕೈಯ ಬಳೆಗಳನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಳು.