ಆನೆಹುಣಸೆಯ ಬಳಗ

ರಾಜ್ಯ ಒಂದಾದ ಮರುವರ್ಷ, ಐವತ್ತೇಳರ ಮಾಘದಲ್ಲಿ, ಸುರಪುರದ ಅರಣ್ಯ ಕಚೇರಿಗೆ ಬೆಂಗಳೂರಿನಿಂದ ಒಂದು ಕಟ್ಟು ಹೊಸ ನಮೂನೆಗಳು ಬಂದವು. ತಾಲ್ಲೂಕಿನ ದೊಡ್ಡ ಮರಗಳನ್ನೆಲ್ಲ ಕನ್ನಡದಲ್ಲಿ ಪಟ್ಟಿ ಮಾಡಬೇಕಿತ್ತು. ಮರದ ಹೆಸರು, ಇರುವ ಜಾಗ, ಸುತ್ತಳತೆ, ಕೊನೆಗೆ ಕುಟುಂಬ. ಗಾರ್ಡ್ ಮೌಲಾಲಿ ಆ ಕೊನೆಯ ಕಾಲಮ್ಮಿನಲ್ಲಿ ಹೊಲದ ಮಾಲೀಕನ ಮನೆತನದ ಹೆಸರು ಬರೆಯುವುದೋ ಎಂದು ಕೇಳಿದ. ಮೈಸೂರು ಕಡೆಯಿಂದ ಆಗಷ್ಟೇ ವರ್ಗವಾಗಿ ಬಂದಿದ್ದ ರೇಂಜರ್ ಶ್ರೀಕಂಠಯ್ಯ ನಕ್ಕುಬಿಟ್ಟರು.

ನಕ್ಕರೂ ಕೂರಿಸಿಕೊಂಡು ಹೇಳಿಕೊಟ್ಟರು. ಮನುಷ್ಯರ ಹಾಗೆ ಮರಗಳಲ್ಲೂ ಬಳಗವಿದೆ. ಅದು ಎತ್ತರದಲ್ಲಿ, ದಪ್ಪದಲ್ಲಿ ಕಾಣುವುದಿಲ್ಲ. ಹೂವಿನಲ್ಲಿ, ಕಾಯಿಯಲ್ಲಿ, ಎಲೆ ಜೋಡಿಸಿಕೊಂಡ ರೀತಿಯಲ್ಲಿ ಕಾಣುತ್ತದೆ. ಮೇಜಿನ ಮೇಲೆ ಜಾಲಿ, ಬನ್ನಿ, ಹುಣಸೆಯ ಕಾಯಿಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೇ ಬಿಡಿಸಿದರು. ಮೂರರಲ್ಲೂ ಅವರೆಕಾಯಿಯ ಹಾಗೆ ಬೀಜಗಳು ಒಂದೇ ಸಾಲಿನಲ್ಲಿ ಕೂತಿದ್ದವು. ಮೌಲಾಲಿಗೆ ಹನ್ನೊಂದು ವರ್ಷದ ನೌಕರಿಯಲ್ಲಿ ಇಂಥ ಮಾತು ಯಾರೂ ಹೇಳಿರಲಿಲ್ಲ. ಅವನು ಓದಿದ್ದು ಉರ್ದು. ಕನ್ನಡ ಅಕ್ಷರಗಳನ್ನು ಮಗಳ ಪಾಟಿಯ ಮೇಲೆ ತಿದ್ದಿ ಕಲಿಯುತ್ತಿದ್ದ. ಅಂದಿನಿಂದ ದಾರಿಯಲ್ಲಿ ಕಂಡ ಕಾಯಿಯನ್ನೆಲ್ಲ ಬಿಡಿಸಿ ನೋಡತೊಡಗಿದ.

ಪಟ್ಟಿ ಸಲೀಸಾಗಿ ಸಾಗಿತು. ತೊಡಕಾದದ್ದು ಕೆಂಭಾವಿ ದಾರಿಯ ಒಂದು ಮರದಿಂದ. ಅದರ ಬೊಡ್ಡೆಗೆ ಹಗ್ಗ ಸುತ್ತಿ ಅಳೆದರೆ ಇಪ್ಪತ್ತೆಂಟು ಮೊಳವಾಯಿತು. ಎಲೆ ಪೂರ್ತಿ ಉದುರಿತ್ತು. ಬೋಳು ಕೊಂಬೆಗಳಲ್ಲಿ ಸೋರೆಕಾಯಿಯಂಥ ಕಾಯಿಗಳು ಉದ್ದ ತೊಟ್ಟಿಗೆ ಜೋತುಬಿದ್ದಿದ್ದವು. ಊರವರು ಅದನ್ನು ಆನೆಹುಣಸೆ ಎನ್ನುತ್ತಿದ್ದರು. ಹಳೆಯ ಉರ್ದು ದಫ್ತರದಲ್ಲಿ ಗೋರಖ್ ಇಮ್ಲಿ ಎಂದಿತ್ತು. ಎರಡು ಭಾಷೆಯೂ ಹುಣಸೆ ಎಂದಮೇಲೆ ಕೆಲಸ ಹಗುರವಾಯಿತೆಂದುಕೊಂಡು ಮೌಲಾಲಿ ಅಭ್ಯಾಸದಂತೆ ಬಿದ್ದ ಕಾಯಿಯೊಂದನ್ನು ಕಲ್ಲಿಗೆ ಬಡಿದು ಒಡೆದ. ಒಳಗೆ ಬಿಳಿ ಹಿಟ್ಟು, ಹಿಟ್ಟಿನ ತುಂಬ ಎಲ್ಲೆಂದರಲ್ಲಿ ಬೀಜ, ನಡುವೆ ನಾರು. ಸಾಲೇ ಇರಲಿಲ್ಲ. ನಾಲಗೆಗೆ ಮಾತ್ರ ಹುಣಸೆಯಂಥದೇ ಹುಳಿ.

ಪಕ್ಕದ ಹೊಲದ ಅಂಬವ್ವ ಅದೇ ಮರದ ಬುಡದಲ್ಲಿ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಆಡುಗಳನ್ನು ಈ ನೆರಳಲ್ಲೇ ಸಾಕಿದವಳು. ಮೌಲಾಲಿ ತನ್ನ ಸಂಶಯ ಹೇಳಿಕೊಂಡ. ಅವಳು ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಹೆಸರಷ್ಟ ಹುಣಸಿ ಐತ್ರಿ ಸಾಬ್ರ. ಇದು ನಮ್ಮ ಪುಂಡಿ ಮಂದಿ."

ಹೇಗೆ ಎಂದು ಅವನು ಕೇಳಿದ್ದಕ್ಕೆ, ಇದರ ತೊಗಟೆಯೂ ಪುಂಡಿಯ ಹಾಗೆಯೇ ಉದ್ದಕ್ಕೆ ನಾರು ಬಿಡುತ್ತದೆ ಎಂದಳು. ಎಳೆ ಎಲೆ ಹಿಸುಕಿದರೆ ಬೆಂಡೆಕಾಯಿಯಂತೆ ಲೋಳೆ ಬರುತ್ತದೆ. ಕಾರಹುಣ್ಣಿಮೆ ಹೊತ್ತಿಗೆ ಬೀಳುವ ಹೂವಿನ ನಡುವೆ ಹತ್ತಿ ಹೂವಿನಲ್ಲಿರುವಂಥದೇ ಕಂಬವಿದೆ. ಹುಣಸೆಗೆ ಇದರಲ್ಲಿ ಯಾವುದಿದೆ ಎಂದು ತಿರುಗಿ ಕೇಳಿದಳು. ಮೌಲಾಲಿ ಕಾಲಮ್ಮನ್ನು ಖಾಲಿ ಬಿಟ್ಟು ಬಂದ.

ಶ್ರೀಕಂಠಯ್ಯ ಒಪ್ಪಲಿಲ್ಲ. ಹೆಸರೇ ಹುಣಸೆ ಎನ್ನುತ್ತಿದೆ, ಹೊಲದ ಗಿಡವಾದ ಪುಂಡಿಗೂ ಈ ಬೆಟ್ಟದಂಥ ಮರಕ್ಕೂ ಎಲ್ಲಿಯ ನಂಟು ಎಂದರು. ದಪ್ಪದಲ್ಲಿ ಕಾಣುವುದಿಲ್ಲ ಎಂದು ನೀವೇ ಹೇಳಿದಿರಲ್ಲ ಎಂದು ಮೌಲಾಲಿ ಮೆಲ್ಲಗೆ ನೆನಪಿಸಿದ. ಅವರು, "ಹೂವು ತನ್ನಿ, ನೋಡೋಣ," ಎಂದರು.

ಹೂವಿಗೆ ನಾಲ್ಕು ತಿಂಗಳಿತ್ತು. ಮೌಲಾಲಿಗೆ ಅಷ್ಟು ದಿನ ತಡೆಯುವುದು ಕಷ್ಟವಾಯಿತು. ಮನೆಯಲ್ಲಿ ಹೆಂಡತಿ ಹೆಚ್ಚಿಟ್ಟ ಬೆಂಡೆಕಾಯಿಯ ಬಿಲ್ಲೆಗಳನ್ನು ಎಣಿಸುತ್ತ ಕೂರುತ್ತಿದ್ದ; ಪ್ರತಿಯೊಂದರಲ್ಲೂ ಐದು ಕೋಣೆ. ಸಾರಿಗೆ ಹಾಕಲು ಕೊಡುತ್ತೀರೋ ಇಲ್ಲವೋ ಎಂದು ಅವಳು ತಟ್ಟೆ ಕಿತ್ತುಕೊಳ್ಳುತ್ತಿದ್ದಳು.

ಜ್ಯೇಷ್ಠ ಬಂದು ಮಿರಗದ ಮಳೆ ಸುರಿದ ಮರುದಿನ ಬೆಳಿಗ್ಗೆಯೇ ಸೈಕಲ್ ಹತ್ತಿ ಹೊರಟ. ಕರಿಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ ತಿರುಗದಾಯಿತು. ಕೊನೆಯ ಒಂದು ಮೈಲಿ ಅದನ್ನೇ ಹೆಗಲ ಮೇಲೆ ಹೊತ್ತು ನಡೆದ. ಮರದ ಬಳಿ ತಲುಪಿದಾಗ ಆಡುಗಳು ಬಿದ್ದ ಹೂವನ್ನೆಲ್ಲ ತಿಂದು ಮುಗಿಸಿದ್ದವು. ಅವನ ಮುಖ ನೋಡಿ ಅಂಬವ್ವ ಬುಟ್ಟಿಯೊಂದನ್ನು ಎತ್ತಿದಳು. ಕೆಳಗೆ ಅಂಗೈಯಷ್ಟು ಅಗಲದ ಎರಡು ಬಿಳಿ ಹೂ ಇದ್ದವು, ಅಂಚು ಆಗಲೇ ಕಂದಿತ್ತು, ವಾಸನೆ ಚೆನ್ನಾಗಿರಲಿಲ್ಲ.

"ನೀವು ಬರ್ತೀರಂತ ಮುಚ್ಚಿಟ್ಟೇನಿ," ಎಂದಳು.

ರೇಂಜರ್ ಪುಂಡಿಯ ಬಳಗದ್ದೇ ಆದ ದಾಸವಾಳವನ್ನು ತಮ್ಮ ಅಂಗಳದಿಂದ ಕಿತ್ತು ತಂದು, ಅದನ್ನೂ ಮರದ ಹೂವೊಂದನ್ನೂ ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಎರಡರಲ್ಲೂ ಐದು ಎಸಳು. ಎರಡರಲ್ಲೂ ಕೇಸರಗಳು ಬುಡದಲ್ಲಿ ಒಂದಕ್ಕೊಂದು ಬೆಸೆದು ಕೊಳವೆಯಾಗಿದ್ದವು. ದಾಸವಾಳದಲ್ಲಿ ಅದು ತೆಳ್ಳಗೆ, ಮರದ ಹೂವಿನಲ್ಲಿ ಗಿಡ್ಡಗಾಗಿ ತುದಿಯಲ್ಲಿ ಚೆಂಡಿನಂತೆ ಕೆದರಿತ್ತು. ಶ್ರೀಕಂಠಯ್ಯ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ನಾನು ಮರ ನೋಡೋಕೆ ಮುಂಚೆ ಹೆಸರು ನೋಡ್ಬಿಟ್ಟೆ, ಮೌಲಾಲಿ," ಎಂದರು.

ಆದರೂ ಅವರಿಗೆ ಪೂರ್ತಿ ಖಾತ್ರಿಯಿರಲಿಲ್ಲ. ಉಳಿದ ಹೂವನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ಎಲೆಯ ಜೊತೆ ತಮಗೆ ಪಾಠ ಹೇಳಿದ್ದ ಮೇಷ್ಟ್ರಿಗೆ ಕಳಿಸಿದರು. ಶ್ರಾವಣದಲ್ಲಿ ಉತ್ತರ ಬಂತು. ಮರ ಬೂರುಗದ ಕುಟುಂಬದ್ದು. ಆ ಕುಟುಂಬ ಹತ್ತಿ, ಬೆಂಡೆ, ಪುಂಡಿಗಳ ಕುಟುಂಬಕ್ಕೆ ತೀರ ಹತ್ತಿರದ ನೆಂಟ. ಮೂಲ ನೆಲೆ ಸಮುದ್ರದಾಚೆ, ಆಫ್ರಿಕ.

ಮೌಲಾಲಿ ಮರುದಿನವೇ ಹೋಗಿ ಅಂಬವ್ವನಿಗೆ ಪತ್ರ ಓದಿ ಹೇಳಿದ. ತಾನು ಗೆದ್ದೆನೆಂದು ಅವಳು ಬೀಗಲಿಲ್ಲ. ಅಷ್ಟು ದೂರದಿಂದ ಇದನ್ನು ಇಲ್ಲಿಗೆ ತಂದವರು ಯಾರು, ಯಾಕೆ ತಂದರು ಎಂದು ಕೇಳಿದಳು. ಪತ್ರದಲ್ಲಿ ಅದಿಲ್ಲ, ತನಗೂ ಗೊತ್ತಿಲ್ಲ ಎಂದ. ಹಾಗಾದರೆ ಹಳ್ಳದ ದಂಡೆಯ ಬೂರುಗವನ್ನಾದರೂ ನೋಡೋಣ ಬನ್ನಿ ಎಂದು ಎದ್ದು ಮುಂದೆ ನಡೆದಳು. ಕಿತ್ತು ತಂದಿದ್ದ ಆನೆಹುಣಸೆಯ ಎಲೆಯನ್ನು ಇಬ್ಬರೂ ಬೂರುಗದ ಎಲೆಯ ಪಕ್ಕಕ್ಕೆ ಇಟ್ಟು ನೋಡಿದರು. ಎರಡೂ ಬೆರಳು ಚಾಚಿದ ಅಂಗೈಯಂತಿದ್ದವು. ಅಲ್ಲೇ ನಿಂತು ಮೌಲಾಲಿ ನಮೂನೆ ತೆಗೆದು ಖಾಲಿ ಜಾಗದಲ್ಲಿ 'ಬೂರುಗ' ಎಂದು ನಿಧಾನವಾಗಿ ಬರೆದ.

ತಿರುಗಿ ಬರುವಾಗ ಅಂಬವ್ವ ತನ್ನ ಗುಡಿಸಲ ಮುಂದಿನ ಬೇವು, ಕರಿಬೇವಿನ ಗಿಡಗಳ ಹತ್ತಿರ ನಿಂತಳು. "ಬೇವು, ಕರಿಬೇವು ಅಂತೀವಲ್ರಿ. ಇವಾದ್ರೂ ಅಣ್ಣತಮ್ಮರ ಹೌದೋ, ಇವೂ ಹೆಸರಿಗಷ್ಟ ಏನು?"

ಮೌಲಾಲಿ ಹೊರಡಲು ಎತ್ತಿದ್ದ ಸೈಕಲನ್ನು ಗೋಡೆಗೆ ಒರಗಿಸಿದ. ಇಬ್ಬರೂ ಎರಡೂ ಗಿಡದ ಎಲೆ ಕಿತ್ತು, ಹಿಸುಕಿ, ಮೂಸಿ ನೋಡುತ್ತ ಕಟ್ಟೆಯ ಮೇಲೆ ಕೂತರು.