ಚೀಲಕ್ಕೆ ಹತ್ತು ಬುಟ್ಟಿ

“ಏ ಸಿದ್ದಿ, ಬಾಯಾಗ ಏನ್ ಗುಣಗುಣ ಅನ್ನಾಕತ್ತೀಬೇ? ಎಣಸಾಕ ಕರದಿಲ್ಲ ನಿನ್ನ, ಹೊರಾಕ ಕರದೇನಿ. ಎತ್ತ ಬುಟ್ಟಿ.”

ಗುತ್ತಿಗೆದಾರ ಬಾಪುಗೌಡ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಆಫ್ರಿಕಾದ ರಂಡೆಯರೂ ಲೆಕ್ಕ ಕಲಿತರೆ ದೇಶ ಉಳಿದ ಹಾಗೇ ಎಂದು ಕಟ್ಟೆಯ ಮೇಲೆ ಕೂತವರನ್ನು ನಗಿಸಿದ. ಹಾಜಿರಾಬಿ ಬುಟ್ಟಿ ಎತ್ತಿ ತಲೆಗೇರಿಸಿದಳು. ಬಾಯಿ ಮುಚ್ಚಿತು, ಎಣಿಕೆ ನಿಲ್ಲಲಿಲ್ಲ. ಮೂವತ್ತು ವರ್ಷ ಕಾಂಕ್ರೀಟ್ ಹೊತ್ತ ಹೆಂಗಸು ಅವಳು. ಒಂದು ಚೀಲ ಸಿಮೆಂಟಿಗೆ ಐದು ಬುಟ್ಟಿ ಉಸುಕು, ಹತ್ತು ಬುಟ್ಟಿ ಜಲ್ಲಿಕಲ್ಲಿನ ಖಡಿ ಎಂಬುದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಅವತ್ತು ಚೀಲಕ್ಕೆ ಹತ್ತು ಬುಟ್ಟಿ ಉಸುಕು, ಇಪ್ಪತ್ತು ಬುಟ್ಟಿ ಖಡಿ ಬೀಳುತ್ತಿತ್ತು, ಸಿಮೆಂಟು ಅರ್ಧಕ್ಕೇ ಇಳಿದಿತ್ತು.

ಡೋಣಿ ಗ್ರಾಮ ದಾಟಿ ಕಪ್ಪತಗುಡ್ಡದ ಬುಡಕ್ಕಿರುವ ಆ ಊರಿನ ಖಡಿ ಓಣಿಯಲ್ಲಿ ನಾಲ್ಕು ಕಾಲಿನ ನೀರಿನ ಟಾಕಿ ಏಳುತ್ತಿತ್ತು. ಅದರ ಮಗ್ಗುಲಿಗೇ ಅಂಗನವಾಡಿ, ಸುತ್ತ ಕಲ್ಲು ಒಡೆಯುವವರ ಮೂವತ್ತು ಮನೆ.

ಹಾಜಿರಾಬಿಯೂ ಗಂಡ ಅಕ್ಬರಸಾಬನೂ ಹಳಿಯಾಳ ಸೀಮೆಯ ಸಿದ್ದಿಗಳು. ಯಾವ ಕಾಲದಲ್ಲೋ ಯಾವನೋ ಆಫ್ರಿಕಾದಿಂದ ಹಡಗಿನಲ್ಲಿ ಹೇರಿ ತಂದು ಗೋವೆಯಲ್ಲಿ ಮಾರಿದ ಜನರ ಮಕ್ಕಳು. ದುಡಿಮೆ ಹುಡುಕಿ ಇಲ್ಲಿಗೆ ಬಂದರು. ಅಕ್ಬರಸಾಬ ಖಡಿ ಮಶೀನಿನ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ. ಉಳಿದದ್ದು ಮಗಳು ತಸ್ಲೀಮ. ಶಾಲೆಯಲ್ಲಿ ಹುಡುಗರು ಅವಳ ಗುಂಗುರು ಕೂದಲಿಗೆ ಪೆನ್ಸಿಲ್ ಚುಚ್ಚಿ, ಬೀಳುತ್ತದೋ ನಿಲ್ಲುತ್ತದೋ ಎಂದು ಪಂದ್ಯ ಕಟ್ಟುತ್ತಿದ್ದರು. ನಿಂತ ಪೆನ್ಸಿಲ್ಲನ್ನು ಹುಡುಗಿ ತಿರುಗಿ ಕೊಡುತ್ತಿರಲಿಲ್ಲ, ಭಾಳ ಗಟ್ಟಿ ಪಿಂಡ. ಗದಗಿಗೆ ಹೋಗಿ ಡಿಪ್ಲೊಮಾ ಮುಗಿಸಿದಳು, ಇಂಜಿನಿಯರ್ ಆದಳು, ಪೇಟೆಯ ಒಂದು ಕಚೇರಿಯಲ್ಲಿ ಗುತ್ತಿಗೆ ನೌಕರಿ ಹಿಡಿದಳು. ಕೆಲಸ ಅಳೆದು ಪುಸ್ತಕದಲ್ಲಿ ಬರೆದು ಸಹಿ ಮಾಡುವ ನೌಕರಿ. ಖಡಿ ಓಣಿಯ ಟಾಕಿಯೂ ಅವಳ ಪಾಲಿಗೇ ಬಂತು.

ಅವಳು ಬಂದು ಕಂಬಕ್ಕೆ ಸುತ್ತಿಗೆಯಿಂದ ಬಡಿದು ನೋಡಿದಳು. ಸಪ್ಪಳ ಪೊಳ್ಳಾಗಿತ್ತು. ಸಂಜೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಕೂತು ಕೇಳಿದಳು.

“ಅಮ್ಮಾ, ಚೀಲಕ್ಕ ಎಷ್ಟ ಬುಟ್ಟಿ ಹಾಕಿದ್ರಿ?”

ಹಾಜಿರಾಬಿಯ ಕೈ ರೊಟ್ಟಿಯ ಮೇಲೇ ನಿಂತಿತು. ನಿಜ ಹೇಳಿದರೆ ಕೆಲಸ ಬಂದ್. ಹನ್ನೊಂದು ಹೆಂಗಸರು ನಾಳೆಯಿಂದ ಮನೆಯಲ್ಲಿ. ಅವಳು ಮಗಳ ಮುಖ ನೋಡದೆ ಹೇಳಿದಳು:

“ಬರೋಬ್ಬರಿ ಹಾಕ್ಯಾರ ತಗೋ.”

ಆದರೂ ತಸ್ಲೀಮ ಸಹಿ ಮಾಡಲಿಲ್ಲ. ಮೇಲಿನ ಸಾಹೇಬ ಎಲ್ಲರೆದುರು ಪುಸ್ತಕ ಎಸೆದು, “ನಿನ್ನ ಮಾರಿ ನೋಡಿ ನೌಕರಿ ಕೊಟ್ಟಿಲ್ಲ, ಸಹಿಗೆ ಕೊಟ್ಟೀವಿ” ಅಂದನಂತೆ. ಮರುದಿನದಿಂದ ಬರಬೇಡ ಎಂದರು. ಸಹಿಯನ್ನು ಬೇರೆ ಯಾರೋ ಮಾಡಿದರು, ಟಾಕಿಗೆ ಆಕಾಶದ ಬಣ್ಣ ಬಳಿದರು.

ಸುಮ್ಮನಿದ್ದರೆ ಅವಳು ತಸ್ಲೀಮಳೇ ಅಲ್ಲ. ಪಂಚಾಯ್ತಿ ಚುನಾವಣೆ ಬಂದಾಗ ಓಣಿಯಿಂದ ನಿಂತು ಗೆದ್ದಳು. ಅಧ್ಯಕ್ಷರ ಜಾಗ ಹೆಂಗಸಿಗೆ ಮೀಸಲಾಗಿತ್ತು. ಅದು ತನ್ನ ಹೆಂಡತಿಗೇ ಎಂದು ಬಾಪುಗೌಡ ಹಾರ ತರಿಸಿಟ್ಟಿದ್ದ. ಮತ ಐದು–ಐದು ಸಮ ಬಿದ್ದು, ಚೀಟಿ ಎತ್ತಿದರೆ ತಸ್ಲೀಮಳ ಹೆಸರು ಬಂತು. ಹಾರ ಹಾಗೇ ಬಾಡಿತು.

ಅಧ್ಯಕ್ಷಳಾಗಿ ಅವಳು ಮಾಡಿದ ಮೊದಲ ಕೆಲಸ, ಪರೀಕ್ಷೆ ಆಗದೆ ಟಾಕಿಗೆ ನೀರು ಏರಿಸಬಾರದು ಎಂದು ತಡೆದದ್ದು. ಪರೀಕ್ಷೆ ಮಾಡಿರಿ ಎಂದು ಅವಳು ಬರೆದ ಅರ್ಜಿಗಳಿಗೆ ಯಾರೂ ಉತ್ತರ ಕೊಡಲಿಲ್ಲ. ಬ್ಯಾಸಗಿ ಬಂದಾಗ ಓಣಿಯವರೇ ತಿರುಗಿ ಬಿದ್ದರು. ಜೊತೆಗೆ ಬುಟ್ಟಿ ಹೊತ್ತ ಹನಮಂತವ್ವನೇ ಬಾಗಿಲಿಗೆ ಬಂದು, “ನಿನ್ನ ಮಗಳಿಗೆ ಕುರ್ಚಿ ಸಿಕ್ತು, ನಮಗ ಕೊಡ ನೀರ ಸಿಗವಲ್ದು” ಎಂದು ಕ್ಯಾಕರಿಸಿ ಉಗುಳಿ ಹೋದಳು. ಹಾಜಿರಾಬಿ ಒಳಗೆ ಕೂತು ಕೇಳಿಸಿಕೊಂಡಳು. ಎರಡು ವರ್ಷ ಮುಚ್ಚಿಟ್ಟದ್ದನ್ನು ಯಾವ ಬಾಯಿಂದ ಹೇಳುವುದು?

ಕಡೆಗೆ ಮೇಲಿಂದ ಹುಕುಂ ಬಂತು. ಸೋಮವಾರ ಶಾಸಕರು ಬಂದು ನಳ ತಿರುವುತ್ತಾರೆ. ತಸ್ಲೀಮ ಜಗಳ ತೆಗೆಯಲಿಲ್ಲ. ಆಗಲಿ, ಪೆಂಡಾಲು ಮಾತ್ರ ಪಂಚಾಯ್ತಿಯೇ ಹಾಕುತ್ತದೆ ಅಂದಳು.

ಸೋಮವಾರ ಅಂಗನವಾಡಿಗೆ ಕೀಲಿ ಹಾಕಿಸಿ ಮಕ್ಕಳನ್ನು ಶಾಲೆಯ ಬಯಲಿಗೆ ಕಳಿಸಿದಳು. ಟಾಕಿಯ ನಾಲ್ಕು ಕಾಲಿನ ನಡುವೆ, ಸರಿಯಾಗಿ ಅದರ ಹೊಟ್ಟೆಯ ಕೆಳಗೆ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳನ್ನು ಸಾಲಾಗಿ ಇಡಿಸಿದಳು. ಪ್ರತಿ ಕುರ್ಚಿಗೂ ಹೆಸರಿನ ಚೀಟಿ. ಬಾಪುಗೌಡನ ಆಳು ಬೆಳಿಗ್ಗೆಯೇ ಟಾಕಿ ತುಂಬಲು ಪಂಪ್ ಚಾಲೂ ಮಾಡಿ, ಪಂಪಿನ ಮನೆಗೆ ಕೀಲಿ ಜಡಿದು, ಕೀಲಿಕೈಯನ್ನು ಗೌಡನ ಕೈಗೆ ಕೊಟ್ಟು ಹೋಗಿದ್ದ.

ಬಾಪುಗೌಡ ಇಸ್ತ್ರಿ ಅಂಗಿ ತೊಟ್ಟು ಬಂದ. ಕುರ್ಚಿ ನೋಡಿದ, ಮೇಲೆ ನೋಡಿದ. ಕಾಲು ಅಲ್ಲೇ ನಿಂತವು.

“ಇಲ್ಲಿ ಯಾವ ಸೂಳೆಮಗ ಕುರ್ಚಿ ಹಾಕ್ಯಾನ? ತಗೀರಿ. ಸಾಹೇಬ್ರಿಗೆ ಗಾಳಿ ಆಡಂಗಿಲ್ಲ.”

“ನೆಳ್ಳ ಐತಲ್ರಿ ಗೌಡ್ರ,” ಎಂದಳು ತಸ್ಲೀಮ. “ದಿನಾ ಮಕ್ಕಳು ಆಡೂ ಜಾಗ ಇದು. ಒಂದ ತಾಸು ನೀವೂ ಕುಂಡ್ರಿ.” ಹೀಗೆಂದು ನಡುವಿನ ಕುರ್ಚಿಯಲ್ಲಿ ತಾನೇ ಹೋಗಿ ಕೂತಳು.

ಸುಡುವ ಬಿಸಿಲು. ಬಾಪುಗೌಡ ನೆರಳಿಗೆ ಬರಲಿಲ್ಲ. ಬೆವರು ಒರೆಸಿಕೊಂಡ, ಫೋನ್ ತೆಗೆದು ಶಾಸಕರ ಗಾಡಿ ಡೋಣಿಯಲ್ಲೇ ನಿಲ್ಲಲಿ ಎಂದು ಪಿಸುಗುಟ್ಟಿದ. ಜನ ಅವನನ್ನೂ ಟಾಕಿಯನ್ನೂ ನೋಡಿದರು.

ಹಾಜಿರಾಬಿ ನೋಡಿದ್ದು ಮಗಳೊಬ್ಬಳನ್ನೇ. ತಾನೇ ತಲೆಯ ಮೇಲೆ ಹೊತ್ತು ಕೊಟ್ಟ ಕಾಂಕ್ರೀಟು ಈಗ ಮಗಳ ತಲೆಯ ಮೇಲಿತ್ತು. ಅವಳು ಎದ್ದು ನಿಂತಳು.

“ಚೀಲಕ್ಕ ಹತ್ತ ಬುಟ್ಟಿ ಖಡಿ ಹಾಕಬೇಕು. ಇಪ್ಪತ್ತ ಹಾಕ್ಯಾರ. ಉಸುಕೂ ದುಪ್ಪಟ್ಟು. ನಾ ಹೊತ್ತೀನಿ, ನಾ ಎಣಿಸೇನಿ. ಮಗಳು ಕೇಳಿದಾಗ ಸುಳ್ಳ ಹೇಳಿದ್ನಿ. ಹನಮಂತವ್ವಾ, ನೀನೂ ಹೊತ್ತಿ. ಹೇಳ.”

ಹನಮಂತವ್ವ ತಲೆಯ ಮೇಲಿನ ಸೆರಗು ಎಳೆದುಕೊಂಡು ಟಾಕಿಯ ಪಕ್ಕದ ತನ್ನ ಮನೆಗೆ ಓಡಿದಳು. ಮೊದಲು ತೊಟ್ಟಿಲ ಕೂಸನ್ನು, ಆಮೇಲೆ ಕುರುಡಿ ಅತ್ತೆಯನ್ನು ಹೊರಗೆ ತಂದಳು. ಅದನ್ನು ಕಂಡು ಉಳಿದ ಹೆಂಗಸರೂ ಓಡಿದರು.

“ಏಳ ತಸ್ಲೀಮಾ,” ಎಂದಳು ಹಾಜಿರಾಬಿ.

“ಗೌಡ್ರು ಕುಂಡ್ರೂತನಕ ಏಳಂಗಿಲ್ಲಮ್ಮಾ. ಇಲ್ಲಾಂದ್ರ ಪಂಪ್ ಬಂದ್ ಮಾಡ್ಲಿ.”

ಹಾಜಿರಾಬಿ ನೆರಳಿನೊಳಗೆ ನಡೆದಳು. ಬಾಪುಗೌಡನ ಹೆಸರಿನ ಕುರ್ಚಿಯನ್ನು ಎಳೆದು ಅವನಿಗೆ ಎದುರಾಗಿ ಇಟ್ಟಳು, ಮಗಳ ಮಗ್ಗುಲಿಗೆ ನಿಂತಳು.

“ಬರ್ರಿ ಗೌಡ್ರ. ಎಣಸಾಕ ಕರದಿಲ್ಲ, ಕುಂಡ್ರಾಕ ಕರದೇನಿ.”

ಬಾಪುಗೌಡ ಬಿಸಿಲಲ್ಲೇ ನಿಂತಿದ್ದ. ಪಂಪಿನ ಮನೆಯ ಕೀಲಿಕೈ ಅವನ ಕಿಸೆಯಲ್ಲಿತ್ತು, ಪಂಪ್ ನಡೆದೇ ಇತ್ತು. ಮೇಲಿಂದ ಒಂದು ಹನಿ ನೀರು ಖಾಲಿ ಕುರ್ಚಿಯ ಬಿಳಿ ಬಟ್ಟೆಯ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು.