ಸರ್ವೇಯರ್ ಬರುವ ಹೊತ್ತಿಗೆ

ಯಲ್ದೂರಿನ ನಮ್ಮ ಮನೆಯಲ್ಲಿ ನೀರಿನ ಪೈಪು ಒಡೆದು ನಡುಮನೆ ಕೆರೆಯಾಯಿತು. ಗೋಡೆಯ ಸುಣ್ಣ ಚಕ್ಕೆಚಕ್ಕೆಯಾಗಿ ಎದ್ದಿತು, ಹಾಸಿಗೆಗಳು ತೊಯ್ದು ತೊಪ್ಪೆಯಾದವು. ಪುಣ್ಯಕ್ಕೆ ಮನೆಗೆ ಇನ್ಶೂರೆನ್ಸ್ ಮಾಡಿಸಿದ್ದೆ. ಕಂಪನಿಗೆ ಫೋನ್ ಮಾಡಿದರೆ, ನಾಳೆ ನಮ್ಮ ಸರ್ವೇಯರ್ ಬಂದು ಹಾನಿಯನ್ನು ಕಣ್ಣಾರೆ ನೋಡುತ್ತಾರೆ, ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡಿ ಎಂದರು.

"ನಾಳೆ ಮನೆ ನೋಡೋಕೆ ಅವ್ರು ಬರ್ತಾರೆ. ಎಲ್ಲಾ ಹಿಂಗೇ ಇರ್ಲಿ ಕಣೇ," ಎಂದು ಹೆಂಡತಿ ಭಾರತಮ್ಮನ ಮುಂದೆ ಬಾಯಿ ಬಡಿದುಕೊಂಡೆ. ಮರುದಿನ ಬೆಳಿಗ್ಗೆಯೇ ಬಸ್ ಸ್ಟ್ಯಾಂಡಿಗೆ ಹೋಗಿ ಕಾದು, ಮಧ್ಯಾಹ್ನ ಸರ್ವೇಯರನ್ನು ಕರೆತಂದರೆ ಬಾಗಿಲಲ್ಲಿ ರಂಗೋಲಿ! ಒಳಗೆ ನೆಲ ಫಳಫಳ. ಒದ್ದೆ ಹಾಸಿಗೆಗಳ ಮೇಲೆ ಹೂವಿನ ಹೊದಿಕೆ. ಗೋಡೆಗೆ ಹೊಸ ನೀಲಿ ಬಣ್ಣ.

ನನಗೆ ಮೈಯೆಲ್ಲ ಉರಿಯಿತು. "ಏನೇ ಇದು?"

"ಮನೆಗೆ ಬರೋರ್ಗೆ ಆ ಕೊಚ್ಚೆ ತೋರಿಸೋಕಾಗುತ್ತೇನ್ರೀ? ನಂಗೇನು ಮಾನ ಇಲ್ವಾ?"

ಸರ್ವೇಯರ್ ಸುತ್ತ ನೋಡಿ ಕೇಳಿದರು, "ನೀರಿಂದ ಏನೇನು ಹಾಳಾಗಿದೆಯಮ್ಮಾ?"

"ನಮ್ಮನೇಲಿ ಹಾಳಾಗಿರೋದು ಒಂದೂ ಇಲ್ಲ ಸಾರ್!" ಎಂದು ಭಾರತಮ್ಮ ಹೆಮ್ಮೆಯಿಂದ ಮಾವಿನಹಣ್ಣಿನ ತಟ್ಟೆ ಮುಂದಿಟ್ಟಳು.

ಅವರು ಹಣ್ಣು ಚೀಪುತ್ತಾ ಗೋಡೆಗೆ ಒರಗಿ ಕೂತರು. ಎದ್ದಾಗ ಬಿಳಿ ಅಂಗಿಯ ಬೆನ್ನೆಲ್ಲ ನೀಲಿ! ನೆನೆದ ಗೋಡೆ ಬಣ್ಣ ಹಿಡಿದಿರಲಿಲ್ಲ.

"ನೋಡಿ ಸಾರ್, ಸಾಕ್ಷಿ ಸಿಕ್ತು!" ಎಂದು ಕುಣಿದೆ.

"ಇರಿ, ಫೋಟೋ ತೆಗೀತೀನಿ," ಎಂದ ಅವರು ಅಂಗಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಬನಿಯನ್ನಿನಲ್ಲೇ ನಿಂತು ಬ್ಯಾಗಿನಲ್ಲಿ ಫೋನ್ ಹುಡುಕಿದರು.

ತಿರುಗಿದರೆ ಕುರ್ಚಿ ಖಾಲಿ. ಹಿತ್ತಲಿನ ಒಗೆಯುವ ಕಲ್ಲಿನಿಂದ ದಪದಪ ಸದ್ದು ಬರುತ್ತಿತ್ತು.